ತುದಿಯ ಸ್ವರ

ಕೊಳಲಿನವನು ಮೋಸ ಮಾಡುತ್ತಿದ್ದಾನೆ ಎಂದುಕೊಂಡು ನಾನು ಅವನನ್ನು ಎಲ್ಲರೆದುರು ಬೈದುಬಿಟ್ಟೆ. ಬೈಯುವುದು ನನಗೇನೂ ಹೊಸದಲ್ಲ. ಟಿಕೆಟ್ ಕೊಡುವವನಿಂದ ಹಿಡಿದು ಕಟ್ಟಿಕೊಂಡ ಗಂಡನವರೆಗೆ ನನ್ನ ಬಾಯಿಗೆ ಸಿಗದವರು ಕಡಿಮೆ. ಆದರೆ ಸುರಂಗದ ಆ ಮೂವರನ್ನು ಅಲ್ಲಿಯವರೆಗೆ ಒಂದು ಮಾತೂ ಅಂದಿರಲಿಲ್ಲ. ಅವರ ಮುಂದೆ ನಿಂತಾಗ ಮಾತ್ರ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ರೈಲಿಳಿದು ಬಸ್ಸು ಹಿಡಿಯಲು ರಸ್ತೆಯಡಿಯ ಸುರಂಗವೊಂದನ್ನು ದಾಟಬೇಕು. ಗೋಡೆಗೆ ಹಾಕಿದ ಬಿಳಿ ಟೈಲಿನ ಬಿಲ್ಲೆಗಳಲ್ಲಿ ಅರ್ಧ ಉದುರಿವೆ, ಒಂದು ಟ್ಯೂಬ್‌ಲೈಟು ಯಾವಾಗಲೂ ಮಿಟುಕುತ್ತಿರುತ್ತದೆ, ಮೂಲೆಯಲ್ಲಿ ಗಂಡಸರು ಮಾಡಬಾರದ್ದು ಮಾಡಿದ ವಾಸನೆ. ಬೆಳಗ್ಗೆ ಜನ ಅಲ್ಲಿ ನಡೆಯುವುದಿಲ್ಲ, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಉರುಳುತ್ತಾರೆ. ಸುರಂಗ ತಿರುಗುವ ಜಾಗದಲ್ಲಿ ಅವರು ಮೂವರು ಕೂರುತ್ತಿದ್ದರು. ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಎರಡು ಕೋಲಿನಿಂದ ಬಡಿಯುವ ಬೋಳುತಲೆಯವನು. ಅವನಿಗೆ ನಾನೂ ನಾದಿನಿಯೂ ಇಟ್ಟ ಹೆಸರು ಡಬ್ಬಣ್ಣ. ಎದೆಗೆ ತಿದಿಪೆಟ್ಟಿಗೆ ನೇತುಹಾಕಿಕೊಂಡು ಎಳೆದು ಒತ್ತಿ ನುಡಿಸುವ ದಪ್ಪ ಹೆಂಗಸು. ಮತ್ತು ಕೊಳಲಿನ ಕಡ್ಡಿ. ಕಡ್ಡಿ ಎಂದರೆ ಕಡ್ಡಿಯೇ, ಗೋಡೆಗೆ ಒರಗಿಸಿಟ್ಟ ಛತ್ರಿಯ ಹಾಗೆ ನಿಂತಿರುತ್ತಿದ್ದ. ಅವನ ಕೊಳಲು ಗೇಣುದ್ದವೂ ಇರಲಿಲ್ಲ.

ಡಬ್ಬಣ್ಣನಿಗೆ ಒಂದು ಚೇಷ್ಟೆಯಿತ್ತು. ಬರುವವರ ನಡಿಗೆ ನೋಡಿ ಅದಕ್ಕೆ ಸರಿಯಾಗಿ ಬಡಿಯುತ್ತಿದ್ದ. ಹೊಟ್ಟೆ ಮುಂದೆ ಮಾಡಿಕೊಂಡು ಬರುವ ಆಫೀಸರನಿಗೆ ಒಂದು ಬಡಿತ, ಎತ್ತರದ ಚಪ್ಪಲಿ ಹಾಕಿಕೊಂಡು ಟಕಟಕ ಓಡುವ ಹುಡುಗಿಗೆ ಒಂದು ಬಡಿತ. ಅವರಿಗೆ ಗೊತ್ತಾಗಿ ನಡಿಗೆ ಬದಲಿಸಿದರೆ ಇವನೂ ಬದಲಿಸುತ್ತಿದ್ದ. ನಾನು ಬರುವುದು ಕಂಡರೆ ಯುದ್ಧಕ್ಕೆ ಹೊರಟವರಿಗೆ ಬಡಿಯುವ ಹಾಗೆ ಧಡ್ ಧಡ್ ಎನ್ನಿಸುತ್ತಿದ್ದ. ಬೇರೆ ಯಾರಾದರೂ ಹಾಗೆ ಅಣಕಿಸಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಇವನ ಮುಂದೆ ನಗು ಬರುತ್ತಿತ್ತು.

ಅವರು ನುಡಿಸುವ ಹಾಡುಗಳಲ್ಲಿ ಒಂದಕ್ಕಾಗಿ ನಾನೂ ನನ್ನ ನಾದಿನಿಯೂ ಎಷ್ಟೋ ಸಲ ಬಸ್ಸು ಬಿಟ್ಟಿದ್ದೇವೆ. ಮೊದಲು ಮೂವರೂ ಸೇರಿ ನಿಧಾನವಾಗಿ ಸಾಗುತ್ತಿದ್ದರು, ಸಂಜೆ ಮನೆಗೆ ಹೋಗುವವರ ಹಾಗೆ. ಆಮೇಲೆ ಡಬ್ಬ ನಿಲ್ಲುತ್ತಿತ್ತು. ತಿದಿ ನಿಲ್ಲುತ್ತಿತ್ತು. ಕಡ್ಡಿಯ ಕೊಳಲೊಂದೇ, ಏಣಿ ಹತ್ತಿದ ಹಾಗೆ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ತುದಿಯಲ್ಲಿ ಒಂದು ಸ್ವರ ಹಿಡಿದು ನಿಲ್ಲಿಸುತ್ತಿತ್ತು. ಸೂಜಿಯ ಮೊನೆಯಂಥ ಸ್ವರ. ಗೋಡೆಯ ಬಿಲ್ಲೆಗಳೆಲ್ಲ ಅದನ್ನು ಹಿಂದಕ್ಕೆ ಕೊಡುತ್ತಿದ್ದವು. ಓಡುವ ಜನ ಅರೆಕ್ಷಣ ತಡೆಯುತ್ತಿದ್ದರು. ನನಗೆ ಬೆನ್ನಹುರಿಯಲ್ಲಿ ತಣ್ಣೀರು ಇಳಿದ ಹಾಗಾಗುತ್ತಿತ್ತು. ಅದು ಮುಗಿದು ಮೂವರೂ ಒಟ್ಟಿಗೆ ಧಬಕ್ಕನೆ ಕೆಳಗಿಳಿದಾಗ, ಇವತ್ತಿನ ದಿನ ಹೇಗಾದರೂ ಹೋಗಲಿ ಬಿಡು ಎನ್ನಿಸುತ್ತಿತ್ತು.

ಆ ಬೆಳಗ್ಗೆಯೂ ಡಬ್ಬ ನಿಂತಿತು, ತಿದಿ ನಿಂತಿತು. ಕಡ್ಡಿ ಏಣಿ ಹತ್ತಿದ. ಹತ್ತುತ್ತ ಹತ್ತುತ್ತ ಕೊಳಲು ಸುಮ್ಮನಾಯಿತು. ಅವನ ಬೆರಳುಗಳು ಆಡುತ್ತಿವೆ, ಕೆನ್ನೆ ಉಬ್ಬಿದೆ, ಹುಬ್ಬು ಮೇಲೆ ಹೋಗಿದೆ, ಸದ್ದಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಏನಯ್ಯ, ಗಾಳಿ ಉಳಿಸ್ತಿದೀಯಾ? ಸುಮ್ನೆ ಕೆನ್ನೆ ಉಬ್ಬಿಸಿದ್ರೆ ನಮಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಕಡ್ಡಿ ಕೊಳಲು ಕೆಳಗಿಳಿಸಿ ಬೆಪ್ಪಾಗಿ ನೋಡಿದ. ನಾದಿನಿ ನನ್ನ ತೋಳು ಹಿಡಿದು ಎಳೆದಳು. "ಅತ್ತಿಗೆ, ನಿಮಗೆ ಜಗಳಕ್ಕೆ ಇವತ್ತು ಯಾರೂ ಸಿಕ್ಕಿಲ್ವಾ? ಅವನು ಊದಿದ್ದಕ್ಕೆ ನನ್ನ ಕಿವಿ ತೂತು ಬಿತ್ತು."

ನಾನು ಸುತ್ತ ನೋಡಿದೆ. ಪಕ್ಕದಲ್ಲಿ ಒಬ್ಬಳ ಸೊಂಟದ ಮೇಲಿದ್ದ ಕೂಸು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿತ್ತು.

ನನಗೆ ಭಯ ಹತ್ತಿತು. "ತಮಾಷೆಗೆ ಅಂದೆ ಬಿಡು" ಎಂದು ನಾದಿನಿಯ ಹಿಂದೆ ನಡೆದೆ. ಡಬ್ಬಣ್ಣ ನನ್ನ ನಡಿಗೆಗೆ ಬಡಿಯಲಿಲ್ಲ. ಅಥವಾ ಬಡಿದನೇನೋ, ನಾನು ಗಮನಿಸಲಿಲ್ಲ.

ನಾನೇಕೆ ಅಷ್ಟು ಹೆದರಿದೆ ಎಂದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ಹೇಳಬೇಕು. ನಮ್ಮದು ಕತ್ತರಿ, ಚಾಕು ಮಾಡುವ ಕಾರ್ಖಾನೆ. ಅವುಗಳಿಗೆ ಹರಿತ ಕೊಡುವ ಸಾಣೆ ಚಕ್ರಗಳು ಕಲ್ಲಿನಪುಡಿಯನ್ನು ಅಂಟಿಸಿ ಒತ್ತಿ ಮಾಡಿದವು. ಯಂತ್ರಕ್ಕೆ ಹಾಕಿದರೆ ಕಣ್ಣಿಗೆ ತಿರುಗುವುದೇ ಕಾಣದಷ್ಟು ಜೋರಾಗಿ ತಿರುಗುತ್ತವೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಆ ವೇಗಕ್ಕೆ ಸಿಡಿದು ಎದುರಿದ್ದವರ ಮುಖಕ್ಕೆ ಬರುತ್ತದೆ. ಕಣ್ಣಿಗೆ ಆ ಬಿರುಕು ಕಾಣುವುದಿಲ್ಲ. ಅದಕ್ಕೇ ಪ್ರತಿ ಚಕ್ರವನ್ನೂ ನಡುವಿನ ತೂತಿಗೆ ಬೆರಳು ಹಾಕಿ ತೂಗಿಬಿಟ್ಟು, ಮರದ ಸುತ್ತಿಗೆಯಿಂದ ಸುತ್ತ ಅಲ್ಲಲ್ಲಿ ಮೆಲ್ಲಗೆ ತಟ್ಟಿ ಕೇಳಬೇಕು. ಗಟ್ಟಿ ಚಕ್ರ ಹಾಡುತ್ತದೆ. ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಡಬ್ ಎನ್ನುತ್ತದೆ. ಹಾಡಿದ್ದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಗೆರೆಯಿಲ್ಲದ ಚಕ್ರವನ್ನು ಸಾಣೆ ಶೆಡ್ಡಿನಲ್ಲಿ ಯಾರೂ ಮುಟ್ಟುವುದಿಲ್ಲ. ಆ ಗೆರೆ ಎಳೆಯುವವಳು ನಾನು.

ಶೆಡ್ಡಿನ ಗೋಡೆಯಲ್ಲಿ ಎದೆಯ ಎತ್ತರಕ್ಕೆ ಒಂದು ಗುಂಡಿಯಿದೆ, ಹಿಂದೊಮ್ಮೆ ಚಕ್ರ ಸಿಡಿದು ಇಟ್ಟಿಗೆ ಕಿತ್ತುಬಂದದ್ದು. ಎಲ್ಲರೂ ನೋಡುತ್ತಿರಲಿ ಎಂದು ಅದಕ್ಕೆ ಸಿಮೆಂಟು ಮೆತ್ತಿಲ್ಲ. ಆ ಗುಂಡಿಗೂ ಯಂತ್ರಕ್ಕೂ ನಡುವೆ ನಿಂತಿದ್ದವನ ವಿಷಯ ಯಾರೂ ಮಾತಾಡುವುದಿಲ್ಲ.

ನನ್ನ ನಾದಿನಿ ಕೆಲಸ ಮಾಡುವುದು ಅದೇ ಶೆಡ್ಡಿನಲ್ಲಿ. ಸಣ್ಣ ಕತ್ತರಿಗಳ ಸಾಣೆ ಅವಳದು. ಚಕ್ರ ಹಾಕುವ ಮುಂಚೆ ಹಾಕುವವರೂ ಒಮ್ಮೆ ತಟ್ಟಿ ನೋಡಬೇಕೆಂದು ನಿಯಮವಿದೆ. ಅವಳು ನೋಡುವುದಿಲ್ಲ. "ನಮ್ಮತ್ತಿಗೆ ಗೆರೆ ಎಳೆದ್ಮೇಲೆ ನಾನ್ಯಾಕೆ ತಟ್ಲಿ? ನನ್ನ ಮೇಲೆ ಕೂಗಾಡಿದಷ್ಟೇ ಚೆನ್ನಾಗಿ ಚಕ್ರದ ಮೇಲೂ ಕಿವಿ ಇಡ್ತಾರೆ" ಎಂದು ಶೆಡ್ಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ತಟ್ಟುವುದು ಬಿಟ್ಟಿದ್ದರು. ನನಗೆ ಅದೊಂದು ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆ ದಿನ ದೊಡ್ಡ ಚಕ್ರಗಳು ಎಂದಿನ ಹಾಗೆ ಹಾಡಿದವು. ದೊಡ್ಡವುಗಳ ಸದ್ದು ದಪ್ಪ. ಅವುಗಳನ್ನು ತಟ್ಟುತ್ತ ನನ್ನ ಜೀವ ಹಿಂದಕ್ಕೆ ಬಂತು. ಸುರಂಗದಲ್ಲಿ ಏನೋ ಆಗಿರಬೇಕು, ತಲೆಗೆ ಗಾಳಿ ಹಿಡಿದಿರಬೇಕು ಎಂದುಕೊಂಡೆ. ಆಮೇಲೆ ಸಣ್ಣ ಚಕ್ರಗಳ ಪೆಟ್ಟಿಗೆ ತೆರೆದೆ. ತೆಳ್ಳಗಿನವು, ಅಂಗೈಯಗಲದವು, ನಾದಿನಿಯ ಯಂತ್ರದವು. ಇವುಗಳ ಸದ್ದು ಸಣ್ಣ, ಮೊನಚು. ಮೊದಲನೆಯದನ್ನು ತೂಗಿಬಿಟ್ಟು ತಟ್ಟಿದೆ.

ಮರ ಕಲ್ಲಿಗೆ ತಗುಲಿದ ಸದ್ದು ಕೇಳಿತು. ಅಷ್ಟೇ. ಅದರ ಹಿಂದೆ ಬರಬೇಕಾದ ಹಾಡು ಬರಲಿಲ್ಲ.

ಎರಡನೆಯದೂ ಹಾಗೆ. ಮೂರನೆಯದೂ ಹಾಗೆ. ಒಂದೊಂದನ್ನೇ ಬೇಡದವುಗಳ ಗುಡ್ಡೆಗೆ ಇಡುತ್ತ ಹೋದೆ. ಪೆಟ್ಟಿಗೆ ದಾರಿಯಲ್ಲಿ ಬಿದ್ದಿರಬೇಕು, ಅದಕ್ಕೇ ಎಲ್ಲ ಒಡೆದಿವೆ ಎಂದು ಮನಸ್ಸಿಗೆ ಹೇಳುತ್ತಿದ್ದೆ, ಹೇಳಿದ್ದನ್ನು ಮನಸ್ಸು ನಂಬುತ್ತಿರಲಿಲ್ಲ.

ಸ್ಟೋರ್ ಮೇಸ್ತ್ರಿ ಬಂದು ಗುಡ್ಡೆ ನೋಡಿದ. "ಏನಮ್ಮ ಇದು, ಇಡೀ ಪೆಟ್ಟಿಗೆ ಮೇಲೆ ಮುನಿಸಿಕೊಂಡಿದೀಯ?" ಎಂದು ಒಂದನ್ನು ಎತ್ತಿ ತನ್ನ ಪೆನ್ನಿನಿಂದಲೇ ತಟ್ಟಿದ. ತಲೆಯಾಡಿಸಿದ. ಇನ್ನೊಂದನ್ನು ತಟ್ಟಿದ. "ಗಂಟೆ ಬಾರಿಸಿದ ಹಾಗೆ ಬರ್ತಿದೆ. ಯಾಕೆ ಪಕ್ಕಕ್ಕಿಟ್ಟೆ?"

ಅವನ ಪೆನ್ನು ಚಕ್ರದಿಂದ ಮೇಲೆದ್ದ ಮೇಲೂ ಅವನು ತಲೆ ವಾರೆ ಮಾಡಿ ಏನನ್ನೋ ಕೇಳುತ್ತಿದ್ದ. ಆ ಹೊತ್ತು ನನಗೆ ಕೇಳಿದ್ದು ಹೊರಗಿನ ಲಾರಿಯ ಗುಡುಗುಡು ಮಾತ್ರ.

"ಇನ್ನೊಂದು ಸಲ ನೋಡೋಣ ಅಂತ ಇಟ್ಟೆ" ಎಂದೆ. "ನಿಮಗೆ ಬೇರೆ ಕೆಲಸ ಇಲ್ವಾ ಮೇಸ್ತ್ರಿ, ನನ್ನ ಮೇಜು ಕೆದಕೋಕೆ ಬಂದಿದೀರ?"

ನನ್ನ ಬಾಯಿಗೆ ಹೆದರಿ ಅವನು ಹೋದ. ನಾನು ಕೂತೆ. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಮುದುಕನ ಕಿವಿ ಮಂದವಾಯಿತೆಂದು ಗೊತ್ತಾದ ವಾರವೇ ಅವನ ಕೈಗೆ ಪೊರಕೆ ಕೊಟ್ಟಿದ್ದರು. ಕಬ್ಬಿಣದ ಪುಡಿ ಗುಡಿಸುತ್ತ ಕೆಮ್ಮು ಹತ್ತಿಸಿಕೊಂಡು ಅವನು ಚಳಿಗಾಲ ಮುಗಿಯುವ ಮುಂಚೆ ಕೆಲಸ ಬಿಟ್ಟು ಮನೆಗೆ ಹೋದ. ನನ್ನ ಗಂಡ ಮಾಳಿಗೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಮನೆ ನಡೆಯುವುದು ನಾದಿನಿಯ ಮತ್ತು ನನ್ನ ಕೈಮೇಲೆ. ಒಂದು ಕೈ ಹೋದರೆ ನಡೆಯುವುದಿಲ್ಲ. ಇಷ್ಟು ಯೋಚಿಸಿದೆ. ಎದ್ದೆ. ಗುಡ್ಡೆಯಲ್ಲಿದ್ದ ಚಕ್ರಗಳನ್ನು ಬೆಳಕಿಗೆ ಹಿಡಿದು ತಿರುಗಿಸಿದೆ, ಅಂಚಿನ ಮೇಲೆ ಉಗುರು ಎಳೆದೆ, ಮುಖದ ಹತ್ತಿರ ತಂದು ತಟ್ಟಿದೆ, ಹಲ್ಲಿಗೆ ತಾಗಿಸಿಕೊಂಡೂ ತಟ್ಟಿದೆ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಕಡೆಗೆ ಸೀಮೆಸುಣ್ಣ ತೆಗೆದುಕೊಂಡು ಒಂದೊಂದರ ಮೇಲೆ ಗೆರೆ ಎಳೆದೆ.

ಮೇಸ್ತ್ರಿ ತಟ್ಟಿದ ಎರಡೂ ಚೆನ್ನಾಗಿದ್ದವಲ್ಲ, ಒಂದೇ ಪೆಟ್ಟಿಗೆ, ಉಳಿದವೂ ಚೆನ್ನಾಗಿಯೇ ಇರುತ್ತವೆ. ಆ ವಾರವೆಲ್ಲ ಈ ಮಾತನ್ನು ಒಳಗೊಳಗೇ ಜಗಿಯುತ್ತಿದ್ದೆ.

ಮನೆಯಲ್ಲಿ ಊಟದ ಹೊತ್ತಿಗೆ ಚಮಚದಿಂದ ಸ್ಟೀಲಿನ ಲೋಟ ತಟ್ಟಿ ನೋಡಿದೆ. ದೊಡ್ಡ ಲೋಟ ಕೇಳಿತು. ಸಣ್ಣದನ್ನು ತಟ್ಟಿದೆ.

"ಅಣ್ಣ, ನಿನ್ನ ಹೆಂಡ್ತಿ ಡಬ್ಬಣ್ಣನ ಗುಂಪು ಸೇರ್ಕೋತಾರಂತೆ" ಎಂದಳು ನಾದಿನಿ.

"ಸೇರ್ಲಿ ಬಿಡು" ಎಂದ ಗಂಡ, ಮಂಚದಿಂದಲೇ. "ಇವಳನ್ನ ಮುಂದೆ ನಿಲ್ಲಿಸಿದ್ರೆ ಕಾಸು ಹಾಕದೆ ಹೋಗೋ ಧೈರ್ಯ ಯಾರಿಗಿದೆ."

ಅವರಿಬ್ಬರೂ ನಕ್ಕರು. ನಾನು ಎದ್ದು ಬಚ್ಚಲಿಗೆ ಹೋಗಿ ಬಟ್ಟೆಯ ಚುಂಗಿನಿಂದ ಕಿವಿ ಎಷ್ಟು ತಿರುವಿದೆನೆಂದರೆ ರಕ್ತ ಬಂತು. ಕನ್ನಡಿಯಲ್ಲಿ ನಾದಿನಿಯ ಮುಖ ಕಂಡಿತು. ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ಬಂದದ್ದೂ ನನಗೆ ಕೇಳಿರಲಿಲ್ಲ. ಸೊಗಸಾದ ಮುಖ ಅವಳದು. ಕೆನ್ನೆಯ ಮೇಲೆ ಒಂದು ಮಚ್ಚೆ. ಆ ಮುಖವನ್ನು ನೋಡಲಾರದೆ ದೀಪ ಆರಿಸಿಬಿಟ್ಟೆ.

"ನಾನಿನ್ನೂ ಇಲ್ಲೇ ಇದೀನಿ ಅತ್ತಿಗೆ" ಎಂದಳು ಕತ್ತಲಲ್ಲಿ.

ಬೆಳಗಿನ ಸುರಂಗ ಈಗ ನನಗೆ ಪರೀಕ್ಷೆಯ ಕೋಣೆಯಾಯಿತು. ನಾದಿನಿ ಮೊದಲಿನ ಹಾಗೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನಾನು ಕಣ್ಣು ಮುಚ್ಚುವಂತಿರಲಿಲ್ಲ. ಕಡ್ಡಿ ಏಣಿ ಹತ್ತುವಾಗ ಜನರ ಮುಖ ನೋಡುತ್ತಿದ್ದೆ. ನನಗೆ ಕೊಳಲು ನಿಂತ ಮೇಲೂ ಅವರ ಮುಖಗಳಲ್ಲಿ ಅದು ಹತ್ತುತ್ತಲೇ ಇರುತ್ತಿತ್ತು. ತುದಿ ಮುಟ್ಟಿದಾಗ ನಾದಿನಿಯ ತುಟಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಆಗ ನಾನೂ ನಗುತ್ತಿದ್ದೆ. ಒಂದು ದಿನ ತುಸು ಮೊದಲೇ ನಕ್ಕುಬಿಟ್ಟೆ. ತಿದಿಪೆಟ್ಟಿಗೆಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಕಾರ್ಖಾನೆಯಲ್ಲಿ ಸಣ್ಣ ಚಕ್ರ ಬಂದಾಗಲೆಲ್ಲ ಗೆರೆ ಎಳೆದು ಕಳಿಸುತ್ತಿದ್ದೆ. ಕಳಿಸಿದ ಮೇಲೆ ಶೆಡ್ಡಿನ ಕಡೆಯಿಂದ ಏನು ಬಿದ್ದ ಸದ್ದಾದರೂ ಸುತ್ತಿಗೆ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. ಯಾರೋ ಓಡಿದರೆ ಎದ್ದು ನಿಲ್ಲುತ್ತಿದ್ದೆ. ಹೇಳಿಬಿಡಬೇಕು ಎಂದು ಮೇಸ್ತ್ರಿಯ ಹತ್ತಿರ ಹೋಗಿ, ಅವನ ಕುರ್ಚಿ ದಾರಿಗೆ ಅಡ್ಡ ಇದೆಯೆಂದು ಬೈದು ವಾಪಸು ಬಂದೆ.

ಆ ವಾರದ ಕೊನೆಗೆ ನಾದಿನಿ ಯಾರದೋ ಬದಲಿಗೆ ಮುಂಚಿನ ಪಾಳಿಗೆ ಹೋದಳು. ನಾನೇಳುವ ಮುಂಚೆಯೇ ಹೊರಟುಹೋಗಿದ್ದಳು. ನಾನು ಒಬ್ಬಳೇ, ಎಂದಿಗಿಂತ ಮುಂಚಿನ ರೈಲಿಳಿದು ಸುರಂಗಕ್ಕೆ ಬಂದೆ. ಇನ್ನೂ ಜನ ಕಡಿಮೆ. ಮೂವರೂ ಟೀ ಕುಡಿಯುತ್ತ ಕೂತಿದ್ದರು. ನಾನು ನೆಟ್ಟಗೆ ಹೋಗಿ ಕಡ್ಡಿಯ ಮುಂದೆ ನಿಂತೆ. ಅವನು ಕೊಳಲನ್ನು ಮೆಲ್ಲಗೆ ಬೆನ್ನಹಿಂದೆ ಸರಿಸಿದ.

"ಹೊಡೆಯಲ್ಲ ಕಣಯ್ಯ" ಎಂದೆ. "ಒಂದು ಕೆಲಸ ಆಗಬೇಕು. ನಿನ್ನ ಕೊಳಲನ್ನ ಕೆಳಗಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ಊದು. ಹಾಡು ಬೇಡ. ಒಂದೊಂದೇ ಸ್ವರ."

"ಯಾಕೆ ಅಕ್ಕ?"

"ಊದಯ್ಯ ಅಂದ್ರೆ."

ತಿದಿಪೆಟ್ಟಿಗೆಯ ಹೆಂಗಸು ಟೀ ಲೋಟ ಕೆಳಗಿಟ್ಟಳು. "ಊದು" ಎಂದಳು ಅವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಅವನ ಕೆನ್ನೆ ನೋಡಬೇಡಿ. ಕೇಳ್ತಿರೋವರೆಗೂ ಕೈ ಎತ್ತಿರಿ, ಕೇಳದೆ ಇದ್ದಾಗ ಇಳಿಸಿ" ಎಂದಳು. ನಾನೇನೂ ಹೇಳಿರಲಿಲ್ಲ. ಅವಳಿಗೆ ಮೊದಲೇ ತಿಳಿದಿತ್ತು.

ಗೋಡೆಗೆ ಮುಖ ಮಾಡಿ, ತಪ್ಪು ಮಾಡಿದ ಶಾಲೆ ಮಗುವಿನ ಹಾಗೆ ಕೈಯೆತ್ತಿ ನಿಂತೆ. ಕಡ್ಡಿ ಊದಿದ. ಒಂದು ಸ್ವರ. ಇನ್ನೊಂದು. ಮತ್ತೊಂದು. ಎಷ್ಟು ಇಂಪಾಗಿತ್ತು ಎಂದರೆ ಹೆದರಿಕೆಯ ನಡುವೆಯೂ ಕಿವಿ ಅದನ್ನು ಕುಡಿಯಿತು. ಚಕ್ರ ತೂಗಿಬಿಟ್ಟು ನಾನು ತಟ್ಟುವ ಹಾಗೆ ಅವನು ನನ್ನನ್ನು ತಟ್ಟುತ್ತಿದ್ದ. ಸ್ವರ ತೆಳ್ಳಗಾಯಿತು, ದೂರ ಹೋಯಿತು. ಇನ್ನೂ ಇದೆ, ಇನ್ನೂ ಇದೆ ಎಂದು ಕೈ ಎತ್ತಿಯೇ ಇದ್ದೆ. ನಿಜವಾಗಿ ಇದೆಯೋ ನಾನೇ ನೆನೆಸಿಕೊಳ್ಳುತ್ತಿದ್ದೇನೋ ಎನ್ನುವುದು ಗೊತ್ತಾಗಲಿಲ್ಲ. ಬಹಳ ಹೊತ್ತಾಯಿತು ಅನ್ನಿಸಿ ಕೈ ಇಳಿಸಿ ತಿರುಗಿದೆ.

ಕಡ್ಡಿ ಕೊಳಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಊದಿ ಮುಗಿಸಿ ಆಗಲೇ ಹೊತ್ತಾಗಿತ್ತು.

"ತುದಿವರೆಗೂ ಹೋದೆ ಅಕ್ಕ" ಎಂದ ಮೆಲ್ಲಗೆ. "ಆಮೇಲೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ನೀವು ಕೈ ಎತ್ತಿಕೊಂಡೇ ಇದ್ರಿ."

ಡಬ್ಬಣ್ಣ ನೆಲ ನೋಡುತ್ತಿದ್ದ. ತಿದಿಪೆಟ್ಟಿಗೆಯ ಹೆಂಗಸು ಕೇಳಿದಳು, "ನೀವು ಏನು ಕೆಲಸ ಮಾಡ್ತೀರ?"

ನಾನು ಹೇಳಿದೆ. ತಟ್ಟುವುದು, ಕೇಳುವುದು, ಗೆರೆ, ಸಣ್ಣ ಚಕ್ರಗಳ ಹಾಡು ಕೇಳದೆ ಹೋದದ್ದು. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ದಾರಿಯಲ್ಲಿ ಕೊಳಲೂದುವವರ ಮುಂದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಬೇರೆಯವರದ್ದಾಗಿ ಕೇಳಿಸಿತು.

"ಹಂಗಾದ್ರೆ ಈ ವಾರ ಸಣ್ಣ ಚಕ್ರಾನ ಹೆಂಗೆ ನೋಡಿದ್ರಿ?" ಎಂದಳು.

ನಾನು ಅವಳ ಟೀ ಲೋಟ ನೋಡಿದೆ.

"ಜೊತೇಲಿ ಬರ್ತಾಳಲ್ಲ ಆ ಹುಡುಗಿ, ಇವತ್ತೆಲ್ಲಿ?"

ಆ ಮಾತು ಮುಗಿಯುವ ಮುಂಚೆ ನಾನು ಓಡುತ್ತಿದ್ದೆ. ಹಿಂದಿನ ದಿನ ಸಂಜೆ ಹೊಸ ಪೆಟ್ಟಿಗೆಯಿಂದ ತೆಗೆದು ಗೆರೆ ಎಳೆದ ಚಕ್ರಗಳನ್ನು ನಾದಿನಿಯೇ ಸ್ಟೋರಿಗೆ ಬಂದು ಒಯ್ದಿದ್ದಳು. "ಬೆಳಗ್ಗೆ ಮೊದಲನೇ ಕೆಲಸ ಇದನ್ನ ಹಾಕೋದು" ಎಂದಿದ್ದಳು. ಆ ಪೆಟ್ಟಿಗೆಯ ಮೂಲೆ ನಜ್ಜಾಗಿತ್ತು. ನೋಡಿಯೂ ನೋಡದವಳ ಹಾಗೆ ಇದ್ದೆ.

ಬಸ್ಸಿನಲ್ಲಿ ಕೂರಲಾಗಲಿಲ್ಲ. ಡ್ರೈವರನ ಬೆನ್ನಹಿಂದೆ ನಿಂತು ಕಂಬಿ ಹಿಡಿದುಕೊಂಡಿದ್ದೆ. ಪ್ರತಿ ಸಿಗ್ನಲ್ಲಿಗೂ ಅವನು ನಿಲ್ಲಿಸುತ್ತಿದ್ದ. "ಸ್ವಲ್ಪ ಬೇಗ ಹೋಗಪ್ಪ" ಎಂದೆ. ನನ್ನ ದನಿ ಕೇಳಿ ಅವನು ಕನ್ನಡಿಯಲ್ಲಿ ನೋಡಿದ. ಬೈಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕಣ್ಣು ಮುಚ್ಚಿದರೆ ಗೋಡೆಯ ಗುಂಡಿ ಕಾಣುತ್ತಿತ್ತು, ತೆರೆದರೆ ಕೆನ್ನೆಯ ಮಚ್ಚೆ.

ಗೇಟಿನ ಕಾವಲುಗಾರ ಏನೋ ಕೇಳಿದ, ನಾನು ನಿಲ್ಲಲಿಲ್ಲ. ಅಂಗಳದುದ್ದಕ್ಕೂ ಶೆಡ್ಡಿನ ಮೊರೆತ ಕೇಳುತ್ತಿತ್ತು. ಯಂತ್ರಗಳು ಓಡುತ್ತಿವೆ ಎಂದರೆ ಇನ್ನೂ ಏನೂ ಆಗಿಲ್ಲ. ಆದರೆ ಓಡುತ್ತಿವೆಯಲ್ಲ. ಬಾಗಿಲಲ್ಲಿ ನಿಂತೆ. ಸಾಲಿನ ಕೊನೆಯಲ್ಲಿ ಅವಳು. ಕನ್ನಡಕ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಚಕ್ರದ ನೇರಕ್ಕೆ ಮುಖವಿಟ್ಟು ಬಾಗಿದ್ದಳು. ಕತ್ತರಿಯಿಂದ ಕಿಡಿ ಹಾರುತ್ತಿತ್ತು. ಕೂಗಿದರೆ ಕೇಳುವುದಿಲ್ಲ. ಬೆನ್ನು ಮುಟ್ಟಿದರೆ ಬೆಚ್ಚಿಬಿದ್ದು ಚಕ್ರದ ಮೇಲೆ ಕೈ ಒತ್ತುತ್ತಾಳೆ.

ಗೋಡೆಯ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಕೆಳಗೆಳೆದೆ.

ಸ್ವಿಚ್ಚು ಆರಿಸಿದ ಮಾತ್ರಕ್ಕೆ ಸಾಣೆ ಚಕ್ರ ನಿಲ್ಲುವುದಿಲ್ಲ. ತನ್ನ ಓಟದಲ್ಲೇ ಓಡುತ್ತದೆ. ಶೆಡ್ಡಿನ ದೀಪಗಳೂ ಹೋದವು, ಮೊರೆತ ಮಾತ್ರ ಅರೆಗತ್ತಲಲ್ಲಿ ಉಳಿಯಿತು. "ಪಕ್ಕಕ್ಕೆ ಬನ್ನಿ. ಚಕ್ರದ ಎದುರಿಗೆ ಯಾರೂ ನಿಲ್ಲಬೇಡಿ" ಎಂದು ಕಿರುಚಿಕೊಂಡು ಸಾಲಿನ ನಡುವೆ ಓಡಿದೆ. ನಾದಿನಿ ಕನ್ನಡಕ ಹಣೆಗೇರಿಸಿ, ಏನಾಯಿತೆಂದು ನೋಡಲು ಇನ್ನೂ ಮುಂದಕ್ಕೆ ಬಾಗಿದ್ದಳು. ಅವಳ ಅಂಗಿಯ ಹಿಂಭಾಗ ಹಿಡಿದು ಎಳೆದೆ. ಇಬ್ಬರೂ ಕಂಬದ ಹಿಂದೆ ಬಿದ್ದೆವು. ಅವಳು ಏಳಲು ಹೋದಳು, ಬಿಡಲಿಲ್ಲ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಅಲ್ಲಿ ಚಕ್ರ ನಿಧಾನವಾಗುವುದನ್ನು ಕೇಳುತ್ತ ಕೂತೆ. ಮೊರೆತ ಗುಂಯ್ ಆಯಿತು, ಗುಂಯ್ ಸುಯ್ ಆಯಿತು. ಆಮೇಲೆ ನನಗೆ ಏನೂ ಕೇಳಲಿಲ್ಲ. ನಿಂತಿತೋ, ನನ್ನ ಕಿವಿಗೆ ಸಿಗದ ಸದ್ದಿನಲ್ಲಿ ಇನ್ನೂ ತಿರುಗುತ್ತಿದೆಯೋ.

"ನಿಂತಿತೇನೇ?" ಎಂದು ಅವಳನ್ನೇ ಕೇಳಿದೆ.

"ಆಗ್ಲೇ ನಿಂತಿತು. ಉಸಿರು ಕಟ್ತಿದೆ, ಬಿಡಿ ಅತ್ತಿಗೆ."

ಯಾರೋ ಒಂದೊಂದು ಯಂತ್ರವನ್ನೂ ಆರಿಸಿ ದೀಪ ಹಾಕಿದರು. ಸೂಪರ್‌ವೈಸರು ಬಂದ. "ಯಾರು ಆರಿಸಿದ್ದು? ಯಾವ ಧೈರ್ಯದ ಮೇಲೆ?"

"ನಾನೇ" ಎಂದು ಎದ್ದು ನಿಂತೆ. "ನನ್ನ ಗೆರೆ ಇರೋ ಸಣ್ಣ ಚಕ್ರ ಎಲ್ಲಾ ಬಿಚ್ಚಿಸಿ. ಅವನ್ನ ನಾನು ಕೇಳಿಲ್ಲ."

"ಕೇಳಿಲ್ಲ ಅಂದ್ರೆ?"

"ನನ್ನ ಕಿವಿಗೆ ಅದು ಕೇಳಿಸಲ್ಲ. ಈ ವಾರ ಪೂರ್ತಿ ಸುಮ್ನೆ ಗೆರೆ ಎಳೆದಿದೀನಿ."

ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು. ನಾದಿನಿ ನನ್ನನ್ನು ನೋಡಲಿಲ್ಲ. ತನ್ನ ಯಂತ್ರದಿಂದ ಚಕ್ರ ಬಿಚ್ಚಿ, ಬೆರಳಿಗೆ ತೂಗಿಬಿಟ್ಟು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದಳು. ತಿರುಗಿಸಿ ಮತ್ತೆ ತಟ್ಟಿದಳು. ಸುತ್ತ ನಿಂತವರ ಭುಜಗಳು ಸಡಿಲವಾದವು. ಸೂಪರ್‌ವೈಸರು ಉಸಿರು ಬಿಟ್ಟು, "ಚೆನ್ನಾಗಿದೆ" ಎಂದ. ನನಗೆ ಅಳು ಬಂತು.

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಪಕ್ಕದ ಹಲಗೆಯ ಮೇಲೆ ಜೋಡಿಸಿಟ್ಟಿದ್ದ ಉಳಿದವನ್ನೂ ಒಂದೊಂದಾಗಿ ಎತ್ತಿ ತಟ್ಟಿದಳು. ಒಂದು. ಇನ್ನೊಂದು. ಆಮೇಲೆ ಒಂದನ್ನು ತಟ್ಟಿ ಹಾಗೇ ನಿಂತಳು. ಮತ್ತೊಮ್ಮೆ ತಟ್ಟಿದಳು, ಬೇರೆ ಕಡೆ. ಮಲಗಿದ ಮಗುವನ್ನು ಇಳಿಸುವ ಹಾಗೆ ಅದನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ಸುಣ್ಣದ ಹಾಗಿತ್ತು. ಚಕ್ರದ ಮೇಲೆ ನನ್ನ ಗೆರೆ, ನೆಟ್ಟಗೆ, ಅಂದವಾಗಿ.

"ಇದನ್ನ ಊಟ ಆದ್ಮೇಲೆ ಹಾಕ್ಕೊಳೋಣ ಅಂತಿದ್ದೆ" ಎಂದಳು. ಯಾರಿಗೂ ಹೇಳಿದ ಹಾಗಿರಲಿಲ್ಲ.

ಸೂಪರ್‌ವೈಸರು ನನ್ನ ಕಡೆ ತಿರುಗಿ ಸುತ್ತಿಗೆ ಸ್ಟೋರಿನಲ್ಲಿ ಇಟ್ಟು ಹೋಗು, ನಾಳೆ ಆಫೀಸಿಗೆ ಬಾ ಎಂದ. ನಾಳೆ ಏನು ಹೇಳುತ್ತಾರೆಂದು ಅವನ ದನಿಯಲ್ಲೇ ಇತ್ತು. ಸ್ಟೋರ್ ಮೇಸ್ತ್ರಿ ಸುತ್ತಿಗೆ ತೆಗೆದುಕೊಳ್ಳುವಾಗ, "ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ತಾಯಿ" ಎಂದ. ಹೌದು ಎಂದೆ. ಬೇರೇನು ಹೇಳಲಿ.

ನಾದಿನಿಯ ಪಾಳಿ ಮುಗಿಯುವವರೆಗೆ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತೆ. ಚಕ್ರ ಸಿಡಿಯುವ ಭಯ ಹೋಗಿತ್ತು. ಅದರ ಜಾಗದಲ್ಲಿ ಅವಳು ಬರುವ ಭಯ ಬಂದು ಕೂತಿತ್ತು.

ಬಂದಳು. ಊಟದ ಡಬ್ಬಿ ಕಂಕುಳಲ್ಲಿತ್ತು. ನನ್ನ ಮುಂದೆ ನಿಂತಳು.

"ಆ ಗೆರೆ ಚಕ್ರದ ಮೇಲಲ್ಲ ಅತ್ತಿಗೆ, ನನ್ನ ಮುಖದ ಮೇಲೆ ಎಳೆದಿದ್ರಿ."

"ಗೊತ್ತು."

"ಏನು ಗೊತ್ತು? ದಿನಾ ನನ್ನ ಪಕ್ಕದಲ್ಲಿ ಕೂತ್ಕೊಂಡು ರೈಲಲ್ಲಿ ಬಂದ್ರಿ. ದಿನಾ ನಾನು ನಕ್ಕಾಗ ನಕ್ರಿ." ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಅಣ್ಣಂಗೆ ನೀವೇ ಹೇಳ್ಕೊಳ್ಳಿ. ನಾನು ಒಂದು ಮಾತೂ ಆಡಲ್ಲ."

ಮುಂದೆ ನಡೆದುಬಿಟ್ಟಳು. ನಾನು ಹಿಂದೆ ಹೋದೆ. ಅವಳ ಬೆನ್ನು ನೋಡುತ್ತಲೇ ರಸ್ತೆಗಿಳಿದೆ. ಅವಳು ಗಕ್ಕನೆ ತಿರುಗಿ, ಎಗರಿ ಬಂದು ನನ್ನನ್ನು ಹಿಂದಕ್ಕೆ ತಳ್ಳಿದಳು. ಸೈಕಲ್ಲೊಂದು ನನ್ನ ಸೊಂಟ ಸವರಿಕೊಂಡು ಹೋಯಿತು. ಸವಾರ ತಿರುಗಿ ಬೈದ.

"ಬೆಲ್ಲು ಹೊಡೀತಿದ್ದ" ಎಂದಳು ನಾದಿನಿ. ಅವಳ ಕಣ್ಣು ದೊಡ್ಡದಾಗಿತ್ತು. "ಅಲ್ಲಿಂದ ಹೊಡ್ಕೊಂಡು ಬಂದ. ನಿಜವಾಗ್ಲೂ ಕೇಳಿಸಲಿಲ್ವಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಆ ರಸ್ತೆಯ ಮೇಲೆ ನನಗೆ ಕೇಳದೆ ಇನ್ನೇನೇನು ಬರುತ್ತಿದೆಯೋ ಎಂದು ಮೊದಲ ಸಲ ಅನ್ನಿಸಿತು. ಅಲ್ಲೇ ನಿಂತೆ. ಒಂದು ಹೆಜ್ಜೆ ಇಡಲೂ ಧೈರ್ಯ ಬರಲಿಲ್ಲ.

ಅವಳು ಮುಖ ಆ ಕಡೆ ತಿರುಗಿಸಿಕೊಂಡೇ ನನ್ನ ಮಣಿಕಟ್ಟು ಹಿಡಿದಳು. ಮಮತೆಯ ಹಿಡಿತವಲ್ಲ ಅದು, ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಎರಡೂ ಕಡೆ ನೋಡಿದಳು. ಎಳೆದಳು. ನಾನು ಅವಳ ಹಿಂದೆ ರಸ್ತೆ ದಾಟಿದೆ.